ಇಪ್ಪತ್ತು ಅಡಿ ಕರುಳು

ನಾನು ವಿಜ್ಞಾನದ ಟೀಚರಾಗಿ ಕೆಲಸಕ್ಕೆ ಸೇರಿದ ವರ್ಷ, ಒಂಬತ್ತನೇ ತರಗತಿಯ ಐವತ್ತೊಂದು ಮಕ್ಕಳ ನಾಡಿ ನಿಮಿಷಕ್ಕೆ ಸರಿಯಾಗಿ ಎಪ್ಪತ್ತೆರಡು ಸಲ ಬಡಿಯಿತು. ಐವತ್ತೆರಡನೆಯ ಹುಡುಗಿಯದು ಮಾತ್ರ ತೊಂಬತ್ತಾರು.

ಎಪ್ಪತ್ತರ ದಶಕದ ಕೊನೆ ಅದು. ನಮ್ಮ ಮನೆ ತಿಪಟೂರಿನಲ್ಲಿ. ಶಾಲೆ ಇದ್ದದ್ದು ತುರುವೇಕೆರೆ ತಾಲ್ಲೂಕಿನ ಒಂದು ಊರಿನಲ್ಲಿ, ದಂಡಿನಶಿವರ ದಾಟಿ ಇನ್ನಷ್ಟು ದೂರ. ಬೆಳಗಿನ ಬಸ್ಸಿನ ನೆತ್ತಿಯ ಮೇಲೆ ತೆಂಗಿನಕಾಯಿ ಮೂಟೆ, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ನಿಂತು ಹೋಗಿ, ನಿಂತು ಪಾಠ ಮಾಡಿ, ಸಂಜೆ ನಿಂತೇ ಬರುತ್ತಿದ್ದೆ. ವಯಸ್ಸು ಇಪ್ಪತ್ನಾಲ್ಕು. ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ನನಗೆ ವಿಷಯ ಗೊತ್ತಿದೆ, ಹೇಳಿಕೊಟ್ಟರೆ ಮಕ್ಕಳಿಗೂ ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ನಾಡಿಯ ಪಾಠದ ದಿನ, ಮಣಿಕಟ್ಟಿನಲ್ಲಿ ಎಲ್ಲಿ ಬೆರಳಿಡಬೇಕೆಂದು ಒಬ್ಬೊಬ್ಬರಿಗೂ ತೋರಿಸಿದೆ. ಇಡೀ ತರಗತಿಯಲ್ಲಿ ಸೆಕೆಂಡಿನ ಮುಳ್ಳಿದ್ದ ಗಡಿಯಾರ ನನ್ನ ಕೈಯದೊಂದೇ. ಶುರು ಅಂದೆ, ಒಂದು ನಿಮಿಷ ಕಾದೆ, ನಿಲ್ಲಿಸಿ ಅಂದೆ. ಎಲ್ಲರೂ ಚೀಟಿಯಲ್ಲಿ ಬರೆದು ಕೊಟ್ಟರು. ಮೊದಲ ಹತ್ತು ಚೀಟಿಯಲ್ಲಿ ಎಪ್ಪತ್ತೆರಡು ನೋಡಿದಾಗ ನಗು ಬಂತು. ಮೂವತ್ತಾದಾಗ ಸಿಟ್ಟು ಬಂತು. ಪುಸ್ತಕದಲ್ಲಿ 'ಆರೋಗ್ಯವಂತ ಮನುಷ್ಯನ ನಾಡಿ ನಿಮಿಷಕ್ಕೆ ಎಪ್ಪತ್ತೆರಡು ಬಾರಿ ಮಿಡಿಯುತ್ತದೆ' ಎಂದಿತ್ತು. ಅದನ್ನೇ ಬರೆದಿದ್ದರು. ಅರ್ಧಕ್ಕರ್ಧ ಮಕ್ಕಳು ನಾಡಿಯನ್ನೇ ಹುಡುಕಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ತೊಂಬತ್ತಾರು ಬರೆದವಳು ಮೂರನೇ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಅಪ್ಪ ಅಮ್ಮ ಇಬ್ಬರೂ ತೋಟದ ಮನೆಗಳಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ಹೋಗುವವರು. ನಾನು ಅವಳ ಚೀಟಿಯನ್ನು ಎತ್ತಿ ತೋರಿಸಿ, ಇವಳೊಬ್ಬಳೇ ಎಣಿಸಿದ್ದಾಳೆ ಎಂದು ಹೊಗಳಿದೆ. ಅವಳು ನಾಚಲಿಲ್ಲ. ಎದ್ದು ನಿಂತು, ತಾನು ತಡವಾಯಿತೆಂದು ಓಡಿ ಬಂದಿದ್ದಾಗಿಯೂ, ಅದಕ್ಕೇ ಜಾಸ್ತಿ ಬಂದಿರಬಹುದೆಂದೂ, ನಾಳೆ ಕೂತು ಸುಧಾರಿಸಿಕೊಂಡು ಇನ್ನೊಂದು ಸಲ ಎಣಿಸುತ್ತೇನೆಂದೂ ಹೇಳಿದಳು. ಮಾರನೆಯ ದಿನ ನನ್ನ ಗಡಿಯಾರ ಕೇಳಿ ಪಡೆದು ಎಣಿಸಿದಳು. ಎಂಬತ್ತನಾಲ್ಕು ಬಂತು.

ಆ ಸಂತೋಷವನ್ನು ಹಂಚಿಕೊಳ್ಳಲು ಹೆಡ್‌ಮಾಸ್ಟರ ಕೋಣೆಗೆ ಹೋದದ್ದು ನನ್ನ ತಪ್ಪು. ಅವರಿಗೆ ನಿವೃತ್ತಿಗೆ ಮೂರು ವರ್ಷವಿತ್ತು. ಚೀಟಿಗಳನ್ನೆಲ್ಲ ನೋಡಿ, ಐವತ್ತೊಂದು ಮಕ್ಕಳು ಸರಿಯಾಗಿ ಬರೆದಿರುವಾಗ ನಾನು ತಪ್ಪು ಬರೆದವಳನ್ನು ಹೊಗಳುತ್ತಿದ್ದೇನಲ್ಲ ಎಂದರು. ತಮಾಷೆಗೆ ಹೇಳಲಿಲ್ಲ. ಆ ಹುಡುಗಿಗೆ ಜ್ವರವೇನಾದರೂ ಇದೆಯೇ ವಿಚಾರಿಸಿ ಎಂದೂ ಸೇರಿಸಿದರು.

ದಸರಾ ರಜೆಗೆ ಮುಂಚೆ ಜೀರ್ಣಾಂಗಗಳ ಪಾಠ ಬಂತು. ಶಾಲೆಯಲ್ಲಿ ಒಂದು ಹಳೆಯ ಚಾರ್ಟ್ ಇತ್ತು. ಹಿಂದೆ ಬಟ್ಟೆ ಅಂಟಿಸಿದ್ದು, ಮಡಿಕೆಯಲ್ಲೆಲ್ಲ ಬಣ್ಣ ಉದುರಿತ್ತು. ಅದನ್ನು ಮೊಳೆಗೆ ತಗುಲಿಹಾಕಿ, ಬಾಯಿ, ಅನ್ನನಾಳ, ಜಠರ ಎಂದು ಕೋಲಿನಿಂದ ತೋರಿಸುತ್ತಾ ಸಣ್ಣ ಕರುಳಿಗೆ ಬಂದೆ. ಇದರ ಉದ್ದ ಇಪ್ಪತ್ತು ಅಡಿ, ಸುರುಳಿ ಸುತ್ತಿಕೊಂಡು ಹೊಟ್ಟೆಯೊಳಗೆ ಇರುತ್ತದೆ ಅಂದೆ. ಎಲ್ಲರೂ ಬರೆದುಕೊಂಡರು. ಆ ಹುಡುಗಿ ಎದ್ದು ಚಾರ್ಟಿನ ಹತ್ತಿರ ಬರಬಹುದೇ ಎಂದು ಕೇಳಿದಳು. ಬಂದವಳು ಜಠರದ ಕೊನೆಯಲ್ಲಿ ಬೆರಳಿಟ್ಟು, ಕರುಳಿನ ದಾರಿ ಹಿಡಿದು ಮೆಲ್ಲಗೆ ಬೆರಳು ಸರಿಸುತ್ತಾ ಹೋದಳು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಒಂದು ಕಡೆ ಬೆರಳು ನಿಂತುಹೋಯಿತು.

"ಮಿಸ್, ಇಲ್ಲಿ ದಾರಿ ಇಲ್ಲ."

ನಾನೂ ಬೆರಳಿಟ್ಟು ನೋಡಿದೆ. ನಿಜ. ಬರೆದವನು ಸುರುಳಿ ಸುರುಳಿಯಾಗಿ ಗೀಚಿ ಗುಲಾಬಿ ಬಣ್ಣ ತುಂಬಿದ್ದ, ಅಷ್ಟೇ. ಒಂದು ಸುರುಳಿ ತನ್ನಷ್ಟಕ್ಕೆ ತಾನೇ ಮುಚ್ಚಿಕೊಂಡಿತ್ತು. ಆ ಚಾರ್ಟಿನ ಮನುಷ್ಯ ಉಂಡ ಅನ್ನ ಅಲ್ಲಿಂದ ಮುಂದಕ್ಕೆ ಹೋಗುವಂತಿರಲಿಲ್ಲ. ಎಷ್ಟು ವರ್ಷದಿಂದ ಅದು ಗೋಡೆಯ ಮೇಲೆ ನೇತಾಡಿತ್ತೋ, ಎಷ್ಟು ಜನ ಕೋಲಿಟ್ಟು ತೋರಿಸಿದ್ದರೋ. ನಾನೂ ಅದನ್ನು ಆ ವಾರ ಮೂರು ಸೆಕ್ಷನ್ನಿಗೆ ತೋರಿಸಿದ್ದೆ.

ಅಷ್ಟಕ್ಕೇ ಬಿಡಲಿಲ್ಲ ಅವಳು. "ಮಿಸ್, ನಮ್ಮ ಬಾವಿ ಹಗ್ಗ ಸುತ್ತಿ ಇಡದೆ ಹಂಗೇ ಬುಟ್ರೆ ಬೆಳಿಗ್ಗೆಗೆ ಗಂಟು ಬಿದ್ದಿರುತ್ತೆ. ಇದು ಇಪ್ಪತ್ತಡಿ ಐತೆ ಅಂತೀರ. ನಾವು ಓಡ್ತೀವಿ, ಕುಣೀತೀವಿ, ಮಗ್ಗಲು ಹೊರಳ್ತೀವಿ. ಗಂಟು ಯಾಕೆ ಬೀಳಲ್ಲ?"

ಉತ್ತರ ನನಗೆ ಗೊತ್ತಿರಲಿಲ್ಲ. ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಗಂಟೆ ಬಾರಿಸುವುದನ್ನೇ ಕಾದೆ. ಬಸ್ಸಿನಲ್ಲಿ ನಿಂತು ಬರುವಾಗ ಇಡೀ ದಾರಿ ನನ್ನ ಮೇಲೆ ನನಗೇ ರೇಗುತ್ತಿತ್ತು. ಕಾಲೇಜಿನಲ್ಲಿ ಕಪ್ಪೆ ಕೊಯ್ದಿದ್ದೆ. ಕರುಳನ್ನು ಬೆನ್ನಿನ ಕಡೆಗೆ ಹಿಡಿದಿಡುವ ತೆಳ್ಳನೆಯ ಪೊರೆಯೊಂದಿದೆ, ಮೆಸೆಂಟರಿ ಅಂತ. ರೆಕಾರ್ಡಿನಲ್ಲಿ ಅದರ ಚಿತ್ರ ಬರೆದು, ಬಾಣ ಎಳೆದು, ಹೆಸರು ಬರೆದು ಅಂಕ ತೆಗೆದುಕೊಂಡಿದ್ದೆ. ಅದು ಯಾಕಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಹೆಸರು ಗೊತ್ತಿದ್ದದ್ದರಿಂದ ವಿಷಯವೂ ಗೊತ್ತಿದೆ ಎಂದುಕೊಂಡಿದ್ದೆ.

ಗಂಟು ಬೀಳುತ್ತದೋ ಇಲ್ಲವೋ ಮಕ್ಕಳೆದುರು ಮಾಡಿಯೇ ನೋಡೋಣವೆಂದು ಆ ಶನಿವಾರ ನಾನು ಟೈಲರ್ ಅಂಗಡಿಗೆ ಹೋದೆ. ತಿಪಟೂರಿನ ಪೇಟೆ ಬೀದಿಯಲ್ಲಿ ನಮ್ಮಮ್ಮನ ಕಾಲದಿಂದ ನಮ್ಮ ಮನೆಯ ಬಟ್ಟೆ ಹೊಲಿಯುತ್ತಿದ್ದ ಮುಸ್ಲಿಂ ಹಿರಿಯರು. ಎಲ್ಲರೂ ಅವರನ್ನು ಸಾಬರು ಎಂದೇ ಕರೆಯುತ್ತಿದ್ದರು. ಗುಲಾಬಿ ಬಣ್ಣದ ಪೆಟಿಕೋಟ್ ಬಟ್ಟೆಯಲ್ಲಿ ಇಪ್ಪತ್ತು ಅಡಿ ಉದ್ದದ, ಹೆಬ್ಬೆಟ್ಟು ಹೋಗುವಷ್ಟು ಅಗಲದ ಒಂದು ಕೊಳವೆ ಹೊಲಿದುಕೊಡಬೇಕು ಅಂದೆ. ಅವರು ಟೇಪನ್ನು ಕತ್ತಿನಿಂದ ತೆಗೆಯದೆ ನನ್ನನ್ನೇ ನೋಡಿದರು. ಏನಕ್ಕೆ ಎಂದು ಕೇಳಿದರು. ಕರುಳಿಗೆ ಅಂದೆ. ಮಕ್ಕಳಿಗೆ ಪಾಠಕ್ಕೆ ಎಂದು ವಿವರಿಸಿದ ಮೇಲೆ, ಆಗಲಿ ಎಂದು ತುಂಡು ಬಟ್ಟೆಗಳ ಗಂಟು ಬಿಚ್ಚಿದರು.

ಸೋಮವಾರ ಕೊಳವೆ ತರಗತಿಗೆ ಬಂತು. ಮಕ್ಕಳು ಅದನ್ನು ಗೋಡೆಯಿಂದ ಗೋಡೆಗೆ ಎಳೆದು ಅಳೆದರು. ಆಮೇಲೆ ಹೊಟ್ಟೆಯಷ್ಟು ದೊಡ್ಡ ಒಂದು ಬಟ್ಟೆ ಚೀಲದೊಳಗೆ ತುರುಕಿದೆವು. ಚೀಲ ಅಲ್ಲಾಡಿಸಿ ಹೊರಗೆ ತೆಗೆದರೆ ಕೊಳವೆ ಮೂರು ಕಡೆ ತಿರುಚಿಕೊಂಡು, ಒಂದು ಕಡೆ ಗಂಟೇ ಬಿದ್ದಿತ್ತು. ಹುಡುಗಿ ಗೆದ್ದೆನೆಂದು ನಗಲಿಲ್ಲ. ಗಂಟು ಬಿಚ್ಚುತ್ತಾ ಕೂತಳು.

ಸಾಬರಿಗೆ ಇದನ್ನು ಹೇಳಿದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿ, ಕರುಳು ಹಿಂದುಗಡೆ ಎಲ್ಲಿಗಾದರೂ ಅಂಟಿಕೊಂಡಿರುತ್ತದೆಯೇ ಎಂದು ಕೇಳಿದರು. ಒಂದು ಪೊರೆ ಇದೆ ಅಂದೆ. ಹೇಗಿರುತ್ತದೆ ಅಂದರು. ಕಪ್ಪೆಯಲ್ಲಿ ನೋಡಿದ್ದೆ, ಮನುಷ್ಯನದು ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಕುರಿಯದನ್ನು ಹೋಗಿ ನೋಡುವ ಯೋಚನೆಯೂ ಬಂದಿತ್ತು. ಆದರೆ ನಮ್ಮದು ಲಿಂಗಪೂಜೆಯ ಮನೆ, ಮೊಟ್ಟೆಯ ಮಾತೆತ್ತಿದರೂ ಅಮ್ಮ ಬಾಗಿಲಿಗೆ ನೀರು ಹಾಕುವವಳು. ಮಾಂಸದ ಅಂಗಡಿ ಮುಂದೆ ನಾನು ನಿಂತದ್ದನ್ನು ಯಾರಾದರೂ ನೋಡಿದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತಿತ್ತು.

ಸಾಬರು, ತಮ್ಮ ಮನೆಯಾಕೆಗೆ ಗೊತ್ತಿರುತ್ತದೆ, ಕೇಳಿ ನೋಡುತ್ತೇನೆ ಅಂದರು. ಎರಡು ದಿನ ಬಿಟ್ಟು ಹೋದಾಗ ಅವರ ಮುಖ ಅರಳಿತ್ತು.

"ಬೋಟಿ, ಅಂದ್ರೆ ಕುರಿ ಕರುಳು, ತೊಳೆಯೋವಾಗ ಮೊದಲು ಒಂದು ಪರದೆ ಕಿತ್ತು ತೆಗೀತಾರಂತೆ ಮೇಡಂ. ಅದು ಇರೋವರೆಗೂ ಎಷ್ಟು ಎಳೆದ್ರೂ ನೆಟ್ಟಗಾಗಲ್ಲ, ಮುದುರಿಕೊಂಡೇ ಇರುತ್ತಂತೆ. ಆ ಪರದೆ ಕಿತ್ತಮೇಲೇನೇ ಉದ್ದಕ್ಕೆ ಬರೋದು, ಗಂಟು ಬೀಳೋದು. ಇದು ಫ್ರಿಲ್ ಕಣ್ರೀ. ಲಂಗದ ಫ್ರಿಲ್."

ಅವರು ಒಂದು ಮಗುವಿನ ಲಂಗ ತೆಗೆದು ತೋರಿಸಿದರು. ಸೊಂಟದ ಕಡೆ ಒಂದು ಗೇಣು, ಅಂಚಿನ ಕಡೆ ಮೂರು ಗಜ. ಸೊಂಟದಲ್ಲಿ ಹಿಡಿದು ಹೇಗೆ ಕೊಡವಿದರೂ ಅಂಚು ಅಲೆ ಅಲೆಯಾಗಿ ತನ್ನ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ನನಗೆ ಅಂಗಡಿಯ ಹಲಗೆಯ ಮೇಲೆ ಕೂತಲ್ಲಿಯೇ ಮೈ ಜುಮ್ಮೆಂದಿತು. ಪುಸ್ತಕ ಹುಡುಕಿ ನೋಡಿದೆ. ಬೆನ್ನಿನ ಕಡೆ ಆ ಪೊರೆಯ ಬುಡ ಅರ್ಧ ಅಡಿ, ಕರುಳಿನ ಕಡೆ ಕರುಳಿನಷ್ಟೇ ಉದ್ದ. ಓದಿದ್ದೆ, ಕಂಡಿರಲಿಲ್ಲ.

ಹೊಲಿಯುವುದು ಸುಲಭವಾಗಲಿಲ್ಲ. ಇಪ್ಪತ್ತು ಅಡಿಯನ್ನು ಅರ್ಧ ಅಡಿಗೆ ನೆರಿಗೆ ಹಿಡಿದರೆ ಬಟ್ಟೆ ಮುದ್ದೆಯಾಗಿ ಸೂಜಿ ಮುರಿಯಿತು. ಎರಡು ಸಲ ಬಿಚ್ಚಿದರು. ಮೂರನೆಯ ಸಲ ತೆಳು ಮಲ್ಲಿನ ಬಟ್ಟೆಯಲ್ಲಿ, ಊಟದ ತಟ್ಟೆಗಿಂತ ಒಂದಿಷ್ಟು ದೊಡ್ಡದಾದ ಐದು ಚಕ್ರ ಕತ್ತರಿಸಿ, ಪ್ರತಿಯೊಂದನ್ನೂ ಅಂಚಿನಿಂದ ನಡುವಿನವರೆಗೆ ಸೀಳಿ, ಒಂದರ ಸೀಳನ್ನು ಇನ್ನೊಂದರ ಸೀಳಿಗೆ ಸೇರಿಸಿ ಹೊಲಿದರು. ಐದೂ ಸೇರಿದಾಗ ಹೊರಗಿನ ಅಂಚು ಅಳೆದರೆ ಇಪ್ಪತ್ತು ಅಡಿಗೆ ಒಂದೆರಡು ಬೆರಳು ಮಾತ್ರ ಹೆಚ್ಚು, ನಡುವೆ ಹಿಡಿದರೆ ಒಂದು ಮುಷ್ಟಿ. ಅಂಚಿಗೆ ಗುಲಾಬಿ ಕೊಳವೆ ಕೂಡಿಸಿದರು. ಆಮೇಲೆ ಒಂದು ಹಳೆಯ ಜುಬ್ಬಕ್ಕೆ ಬೆನ್ನಿನ ಕಡೆ ಅದನ್ನು ಹೊಲಿದು, ಮುಂದೆ ಗುಂಡಿ ಇಟ್ಟರು. ಕೂಲಿ ಕೊಡಹೋದರೆ, ಇದಕ್ಕೆ ರೇಟು ಗೊತ್ತಿಲ್ಲ ಎಂದು ತಳ್ಳಿಹಾಕಿದರು.

ದಸರಾ ಕಳೆದು ಶಾಲೆ ತೆರೆದ ವಾರ, ಹೊಂಗೆಮರದ ಕೆಳಗೆ ಮಕ್ಕಳನ್ನು ಕೂರಿಸಿ ಆ ಜುಬ್ಬ ಬಿಚ್ಚಿದೆ. ನನ್ನ ನೌಕರಿಯ ಅತ್ಯಂತ ಒಳ್ಳೆಯ ಒಂದು ಗಂಟೆ ಅದು. ಮಕ್ಕಳು ಕರುಳನ್ನು ಹೊರಗೆಳೆದರು, ಒಳಗೆ ಬಿಟ್ಟರು, ಜುಬ್ಬ ಹಿಡಿದು ಕುಣಿಸಿದರು. ಗಂಟು ಬೀಳಲಿಲ್ಲ. ಒಬ್ಬ ಹುಡುಗ ಗೋಲಿಯೊಂದನ್ನು ಕೊಳವೆಯೊಳಗೆ ಹಾಕಿ ಬೆರಳಿನಿಂದ ಒತ್ತುತ್ತಾ ಒತ್ತುತ್ತಾ ಕೊನೆ ಮುಟ್ಟಿಸಿದ. ಒತ್ತಿದರೆ ಮಾತ್ರ ಮುಂದಕ್ಕೆ ಹೋಗುತ್ತದೆ, ತಾನಾಗಿ ಇಳಿಯುವುದಿಲ್ಲ ಎಂದು ಅವನೇ ಹೇಳಿದ. ಹಾಗಾದರೆ ಹೊಟ್ಟೆಯೊಳಗೆ ಒತ್ತುವವರು ಯಾರು ಎಂದು ಇನ್ನೊಬ್ಬ ಕೇಳಿದ. ಕರುಳಿನ ಗೋಡೆಯಲ್ಲೇ ಸ್ನಾಯುವಿದೆ, ಅದೇ ಒತ್ತುತ್ತದೆ ಎಂದು ನಾನು ಹೇಳುವ ಮೊದಲೇ ಮೂರು ಜನ ಊಹಿಸಿದ್ದರು. ಬರೆದುಕೊಳ್ಳಿ ಎಂದು ನಾನು ಒಮ್ಮೆಯೂ ಹೇಳಬೇಕಾಗಲಿಲ್ಲ.

ರಸ್ತೆಯಲ್ಲಿ ಹೋಗುತ್ತಿದ್ದ ಶಾಲಾ ಸಮಿತಿಯ ಹಿರಿಯರೊಬ್ಬರು ಬೇಲಿಯ ಹತ್ತಿರ ನಿಂತು ಇದನ್ನೆಲ್ಲ ನೋಡಿದರು. ದೊಡ್ಡ ತೋಟದವರು. ಅವರ ಮೊಮ್ಮಗಳೂ ಆ ಗುಂಪಿನಲ್ಲಿದ್ದಳು. ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋದರು. ನನಗೆ ಕರೆ ಬಂತು.

"ಸರಸ್ವತಿ ಇರೋ ಜಾಗ ಕಣಮ್ಮ ಇದು. ಲಿಂಗ ಕಟ್ಟಿರೋ ಮಕ್ಕಳ ಕೈಲಿ ಬೋಟಿ ಹಿಡಿಸ್ತೀಯಲ್ಲ," ಅಂದರು ಆ ಹಿರಿಯರು.

ಅದು ಬಟ್ಟೆ, ಬರೀ ಬಟ್ಟೆ ಎಂದೆ. ಯಾವ ಬಟ್ಟೆ ಎಂದು ಕೇಳಿದರು. ಪೆಟಿಕೋಟಿನದು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅದರಿಂದ ಪ್ರಕರಣ ಇನ್ನೂ ಕೆಟ್ಟಿತು. ಗಂಡು ಹುಡುಗರ ಕೈಗೆ ಅದನ್ನು ಕೊಟ್ಟಿದ್ದೇನೆ ಎಂಬುದು ಈಗ ಎರಡನೆಯ ದೂರಾಯಿತು. ಮನುಷ್ಯರೆಲ್ಲರ ಹೊಟ್ಟೆಯಲ್ಲೂ ಇರುವುದು ಇದೇ, ನಿಮ್ಮ ಹೊಟ್ಟೆಯಲ್ಲೂ ಇದೆ ಎಂದು ಹೇಳಲು ಬಾಯಿ ತೆರೆದವಳು ಹೆಡ್‌ಮಾಸ್ಟರ ಮುಖ ನೋಡಿ ಸುಮ್ಮನಾದೆ.

ಹಿರಿಯರು ಹೋದ ಮೇಲೆ ಹೆಡ್‌ಮಾಸ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಜಗಳವಾಡಬಹುದಿತ್ತು. ಜುಬ್ಬವನ್ನು ನೀಟಾಗಿ ಮಡಿಸಿ, ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿದರು.

"ನೋಡಿ ಮೇಡಂ, ಪರೀಕ್ಷೆಲಿ ಬರೋದು ಒಂದೇ. ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಅದಕ್ಕೆ ಚಾರ್ಟಿದೆ. ನಿಮ್ಮ ಮೇಲೆ ಅರ್ಜಿ ಹೋದ್ರೆ ಉತ್ತರ ಬರೀಬೇಕಾದೋನು ನಾನು," ಅಂದರು.

ಚಾರ್ಟು ತಪ್ಪಿದೆ ಸಾರ್, ಕರುಳಿಗೆ ದಾರಿಯೇ ಇಲ್ಲ ಅಂದೆ. ಇಲಾಖೆಯಿಂದ ಬಂದದ್ದು ಹೇಗೆ ತಪ್ಪಾಗುತ್ತದೆ ಎಂದರು. ಬನ್ನಿ ತೋರಿಸುತ್ತೇನೆ ಎಂದೆ. ನಾಳೆ ನೋಡೋಣ ಎಂದರು. ಆ ನಾಳೆ ಬರಲೇ ಇಲ್ಲ. ನಾನು ಐದಾರು ಸಲ ಕೇಳಿದೆ. ಒಂದು ಸಲ ಸಂಬಳದ ದಿನ, ಒಂದು ಸಲ ಸಭೆ, ಒಂದು ಸಲ ಅವರಿಗೆ ಕನ್ನಡಕ ಮರೆತಿತ್ತು. ಹತ್ತು ಹೆಜ್ಜೆ ನಡೆದು ಗೋಡೆಯ ಮೇಲೆ ಒಂದು ಬೆರಳಿಟ್ಟು ನೋಡುವುದಕ್ಕೆ ಒಬ್ಬ ಓದಿದ ಮನುಷ್ಯ ಇಷ್ಟು ತಪ್ಪಿಸಿಕೊಳ್ಳುತ್ತಾನಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ಸಂಕ್ರಾಂತಿ ಆದ ಮೇಲೆ ಇನ್‌ಸ್ಪೆಕ್ಷನ್ ಬಂತು. ಇನ್‌ಸ್ಪೆಕ್ಟರು ನನ್ನ ತರಗತಿಗೆ ಬಂದು ಸಣ್ಣ ಕರುಳಿನ ಉದ್ದ ಎಷ್ಟೆಂದು ಕೇಳಿದರು. ಇಪ್ಪತ್ತು ಅಡಿ ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಆ ಹುಡುಗಿ ಕೈ ಎತ್ತಿದಳು.

"ಸಾರ್, ಇಪ್ಪತ್ತಡಿ ಅಂತ ಯಾರು ಅಳೆದ್ರು? ಬದುಕಿರೋರ ಹೊಟ್ಟೆ ಕುಯ್ದು ಅಳೆಯಾಕಾಗಲ್ವಲ್ಲ. ಎಷ್ಟು ಜನದ್ದು ಅಳೆದ್ರು? ಗಿಡ್ಡ ಇರೋರ್ಗೂ ಅಷ್ಟೇನಾ?"

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ಅವರ ಹಿಂದೆ ನಿಂತಿದ್ದ ಹೆಡ್‌ಮಾಸ್ಟರೂ ನನ್ನನ್ನು ನೋಡಿದರು. ನನ್ನ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲದಿದ್ದರೂ ಪ್ರಶ್ನೆ ಸರಿಯಾದದ್ದೆಂದು ನನಗೆ ಗೊತ್ತಿತ್ತು. ಒಳ್ಳೆಯ ಪ್ರಶ್ನೆ ಎಂಬ ಎರಡು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು ಬೇರೆ.

"ಕೂತ್ಕೋ. ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು."

ಅವಳು ಕೂತಳು. ಇನ್‌ಸ್ಪೆಕ್ಟರು ಮಕ್ಕಳು ಚೆನ್ನಾಗಿ ಕಲಿತಿದ್ದಾರೆ ಎಂದು ಬರೆದು ಹೋದರು. ಆ ವರದಿಯಿಂದ ನನ್ನ ಪ್ರೊಬೇಷನ್ ಮುಗಿಯಿತು.

ಅವಳನ್ನು ಕರೆದು ಏನಾದರೂ ಹೇಳಬೇಕೆಂದು ಮಾರನೆಯ ದಿನದಿಂದಲೇ ಅಂದುಕೊಂಡೆ. ಹೇಳಲಿಲ್ಲ. ಅವಳು ಮುನಿಸಿಕೊಂಡಂತೆಯೂ ಕಾಣಲಿಲ್ಲ. ಹತ್ತನೇ ತರಗತಿಗೆ ಬಂದ ಮೇಲೆ ತಾನಾಗಿ ಕೈ ಎತ್ತುವುದು ಕಡಿಮೆಯಾಯಿತು, ಅಷ್ಟೇ. ಎಸ್ಸೆಸ್ಸೆಲ್ಸಿ ವರ್ಷವಲ್ಲ, ಎಲ್ಲ ಮಕ್ಕಳೂ ಹಾಗೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಜೀರ್ಣಾಂಗಗಳ ಚಿತ್ರ ಬಂತು. ಅವಳ ಉತ್ತರ ಪತ್ರಿಕೆ ತಿದ್ದಲು ನನಗೇ ಬಂತು. ಎಷ್ಟು ಅಂದವಾಗಿ ಬರೆದಿದ್ದಳೆಂದರೆ, ಗೋಡೆಯ ಚಾರ್ಟನ್ನು ಸಣ್ಣದು ಮಾಡಿ ಅಂಟಿಸಿದಂತಿತ್ತು. ನಾನು ಕೆಂಪು ಪೆನ್ನಿನ ಹಿಂಬದಿಯನ್ನು ಜಠರದ ಕೊನೆಯಲ್ಲಿಟ್ಟು ದಾರಿ ಹಿಡಿದು ಹೋದೆ. ಅದೇ ಜಾಗದಲ್ಲಿ ದಾರಿ ಮುಚ್ಚಿತ್ತು. ಗೊತ್ತಿದ್ದೂ ಹಾಗೆ ಬರೆದಿದ್ದಳು. ಎಲ್ಲ ಭಾಗಗಳ ಹೆಸರೂ ಸರಿಯಾಗಿದ್ದವು. ಐದಕ್ಕೆ ಐದು ಕೊಟ್ಟೆ. ಅಂಕ ಕಳೆಯಲು ಯಾವ ನಿಯಮವೂ ಇರಲಿಲ್ಲ.

ಈ ನಡುವೆ ಸಾಬರ ಅಂಗಡಿಗೆ ಹೋಗುವುದೇ ಕಷ್ಟವಾಗಿತ್ತು. ರವಿಕೆ ಕೊಡಲು ಹೋದಾಗಲೆಲ್ಲ, ಮಕ್ಕಳು ಏನಂದರು, ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ, ತನ್ನಿ ಸರಿಮಾಡಿ ಕೊಡುತ್ತೇನೆ ಎಂದು ವಿಚಾರಿಸುವರು. ಗಟ್ಟಿಯಾಗಿದೆ, ದಿನಾ ಬಳಸುತ್ತಿದ್ದೇವೆ ಎಂದು ಒಂದು ವರ್ಷ ಸುಳ್ಳು ಹೇಳಿದೆ. ಕೊನೆಗೆ ಇನ್ನೂ ಸುಳ್ಳು ಹೇಳಲಾಗದೆ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ ಎಂದು ನಿಜ ಹೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಮಡಿಸಿಟ್ಟ ಬಟ್ಟೆಗೆ ಹುಳ ಹಿಡಿಯುತ್ತದೆ, ಆಗಾಗ ಬಿಸಿಲಿಗಾದರೂ ಹಾಕಿಸಿ ಎಂದಷ್ಟೇ ಹೇಳಿ ಮಿಷನ್ ತುಳಿಯತೊಡಗಿದರು.

ಆ ಬೇಸಿಗೆಯಲ್ಲಿ ನನಗೇ ಹೊಟ್ಟೆನೋವು ಶುರುವಾಯಿತು. ಮಧ್ಯಾಹ್ನದ ಊಟ ಬಿಟ್ಟು, ಕಾಫಿ ಕುಡಿದು, ಎಲ್ಲದಕ್ಕೂ ಸಿಡುಕುತ್ತಿದ್ದವಳಿಗೆ ಬರಬೇಕಾದದ್ದೇ. ತಿಪಟೂರಿನ ಡಾಕ್ಟರೊಬ್ಬರ ಹತ್ತಿರ ಹೋದೆ. ಆಪರೇಷನ್ ಮಾಡುವವರು. ಅವರು ಹೊಟ್ಟೆ ಒತ್ತಿ ನೋಡಿ, ಚೀಟಿ ಬರೆಯುತ್ತಿರುವಾಗ, ಸಣ್ಣ ಕರುಳಿನ ಉದ್ದ ನಿಜವಾಗಿ ಎಷ್ಟು ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ರೋಗಿಗಳು ಯಾರೂ ಅವರಿಗೆ ಇಂಥದ್ದನ್ನು ಕೇಳಿರಲಿಕ್ಕಿಲ್ಲ.

"ಪುಸ್ತಕದಲ್ಲಿರೋದು ಹೆಣದ ಅಳತೆ ಅಮ್ಮ. ಸತ್ತ ಮೇಲೆ ಸ್ನಾಯು ಸಡಿಲ ಆಗುತ್ತೆ, ಉದ್ದ ಬರುತ್ತೆ. ಬದುಕಿರೋವಾಗ ಬಿಗಿಯಾಗಿರುತ್ತಲ್ಲ, ಅಷ್ಟಿರಲ್ಲ. ಅರ್ಧಕ್ಕೆ ಹತ್ತಿರ ಅಂತಿಟ್ಟುಕೊಳ್ಳಿ. ಅದೂ ಒಬ್ಬೊಬ್ಬರಿಗೆ ಒಂದೊಂದು ಥರ," ಅಂದರು.

ಮಾತ್ರೆ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದೆ. ಯಾರು ಅಳೆದರು, ಬದುಕಿರುವವರದ್ದು ಹೇಗೆ ಅಳೆಯುತ್ತಾರೆ ಎಂದು ಅವಳು ಕೇಳಿದ್ದಳು. ಹದಿನಾಲ್ಕು ವರ್ಷದ ಹುಡುಗಿ ಹಳ್ಳಿಯ ಬೆಂಚಿನ ಮೇಲೆ ಕೂತು, ಸರಿಯಾಗಿ ಎಲ್ಲಿ ಕೇಳಬೇಕೋ ಅಲ್ಲಿ ಕೇಳಿದ್ದಳು. ನಾನು ಅವಳ ಬಾಯಿ ಮುಚ್ಚಿಸಿದ್ದೆ. ಅದೂ ಒಂದು ವರದಿಗಾಗಿ.

ಅವಳು ಪಿಯುಸಿಗೆ ತಿಪಟೂರಿನ ಕಾಲೇಜು ಸೇರಿದ್ದಾಳೆಂದು ಗೊತ್ತಾಗಿತ್ತು. ಕಾಲೇಜು ಶುರುವಾದ ಕೆಲವು ವಾರಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎತ್ತರವಾಗಿದ್ದಳು, ಎದೆಗೆ ಪುಸ್ತಕ ಒತ್ತಿಕೊಂಡು ನಿಂತಿದ್ದಳು. ವಿಜ್ಞಾನವನ್ನೇ ತೆಗೆದುಕೊಂಡಿದ್ದಳು. ನಾನು ಕುಶಲ ಕೇಳುವುದಕ್ಕೂ ಕಾಯದೆ, ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ನೀನು ಕೇಳಿದ್ದೇ ಸರಿ, ನಿನ್ನ ಪ್ರಶ್ನೆಗೆ ಉತ್ತರ ಇತ್ತು ಅಂದೆ.

ಅವಳು ಗೌರವದಿಂದ ಕೇಳಿಸಿಕೊಂಡಳು. ಆಮೇಲೆ ನಗುತ್ತಾ, "ಬುಡಿ ಮಿಸ್. ಇಲ್ಲಿ ಲೆಕ್ಚರರ್ ಇಪ್ಪತ್ತೆರಡು ಅಂದವ್ರೆ. ನಾನು ಇಪ್ಪತ್ತೆರಡು ಅಂತ್ಲೇ ಬರಿಯೋದು," ಅಂದಳು.

ಆ ದಿನ ನಿನ್ನನ್ನು ಕೂತ್ಕೋ ಅನ್ನಬಾರದಿತ್ತು, ತಪ್ಪಾಯಿತು ಎಂದೆ. ಒಂದೂವರೆ ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು.

"ಯಾವತ್ತು ಮಿಸ್?"

ಅವಳಿಗೆ ನೆನಪೇ ಇರಲಿಲ್ಲ. ನಾಟಕವಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೂ ಇರಲಿಲ್ಲ. ಇನ್‌ಸ್ಪೆಕ್ಟರು ಬಂದದ್ದು ಸ್ವಲ್ಪ ನೆನಪಿದೆ, ಅವತ್ತು ಬೇಗ ಬಿಟ್ಟಿದ್ದರಲ್ಲವೇ ಎಂದು ಕೇಳಿದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಓಡಿ ಹತ್ತಿ, ಕಿಟಕಿಯಿಂದ ಕೈ ಬೀಸಿದಳು. ನನಗೆ ಮೊದಲು ಎದೆ ಹಗುರವಾಯಿತು. ಮನೆ ತಲುಪುವ ಹೊತ್ತಿಗೆ ಅದಕ್ಕೇ ಕೋಪ ಬಂದಿತ್ತು. ನೆನಪಿಟ್ಟುಕೊಂಡು ಬೈದಿದ್ದರೆ ಚೆನ್ನಾಗಿತ್ತು. ಇಂಥದ್ದು ದಿನಾ ಆಗುವುದೇ ಎಂದು ಅವಳು ಮರೆತಿದ್ದರೆ, ಅದು ಬೈಗುಳಕ್ಕಿಂತ ಕೆಟ್ಟದ್ದು.

ಮುಂದಿನ ವರ್ಷ ಹೆಡ್‌ಮಾಸ್ಟರು ನಿವೃತ್ತರಾದರು. ಹೊಸಬರು ಬೀರು ತೆಗೆಸಿ ಪಟ್ಟಿ ಮಾಡುವಾಗ ಆ ಜುಬ್ಬ ಹೊರಬಂತು. ಇದೇನೆಂದು ಕೇಳಿದರು. ಪಾಠೋಪಕರಣ ಎಂದೆ. ಹಾಗಾದರೆ ತೆಗೆದುಕೊಂಡು ಹೋಗಿ, ಇಲ್ಲಿ ಜಾಗವಿಲ್ಲ ಎಂದು ಕೈಗೆ ಕೊಟ್ಟರು. ಅಷ್ಟೇ. ಇದಕ್ಕಾಗಿ ನಾನು ಮನಸ್ಸಿನಲ್ಲೇ ಮಾಡಿದ ಜಗಳ, ಬರೆದು ಹರಿದು ಹಾಕಿದ ಅರ್ಜಿಗಳು, ಅತ್ತ ಒಂದೆರಡು ಸಂಜೆ, ಯಾವುದರ ಅಗತ್ಯವೂ ಇರಲಿಲ್ಲ, ಬರೀ ಜಾಗ ಸಾಲದಾಗಬೇಕಿತ್ತು. ಮಲ್ಲಿನ ಪೊರೆಯನ್ನು ಹುಳ ಅಲ್ಲಲ್ಲಿ ತಿಂದಿತ್ತು. ಸಾಬರು ಎರಡು ಚಕ್ರ ಹೊಸದಾಗಿ ಕತ್ತರಿಸಿ ಸೇರಿಸಿಕೊಟ್ಟರು. ಅವರಿಗೆ ಆಗ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗಿತ್ತು, ನಾನೇ ಪೋಣಿಸಿ ಕೊಟ್ಟೆ.

ಹೊಸ ತಂಡದ ಒಂಬತ್ತನೇ ತರಗತಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಪುಸ್ತಕದಲ್ಲಿ ಇಪ್ಪತ್ತು ಅಡಿ ಎಂದಿದೆ, ಅದು ಸತ್ತವರ ದೇಹದಲ್ಲಿ ಅಳೆದದ್ದು. ಬದುಕಿರುವವರಲ್ಲಿ ಸ್ನಾಯು ಬಿಗಿಯಾಗಿರುವುದರಿಂದ ಅಷ್ಟು ಇರುವುದಿಲ್ಲ. ಒಂದು ಅಳತೆ ಕೇಳಿದಾಗ ಯಾರು, ಹೇಗೆ, ಎಷ್ಟು ಜನರಲ್ಲಿ ಅಳೆದರು ಎಂದು ಕೇಳಬೇಕು ಎಂದೆ. ಮಕ್ಕಳು ಜುಬ್ಬ ಬಿಚ್ಚಿ, ಎಳೆದು, ಆಡಿ ಸಂತೋಷಪಟ್ಟರು. ಎರಡು ಅಳತೆಯನ್ನೂ ನೋಟ್ಸಿನಲ್ಲಿ ಬರೆದುಕೊಂಡರು. ಮುಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. ನನಗೆ ಎಷ್ಟು ಆಸೆಯಾಯಿತೆಂದರೆ, ಹೇಳು ಹೇಳು ಎಂದು ಎರಡು ಸಲ ಅಂದೆ.

"ಪರೀಕ್ಷೆಗೆ ಇದ್ರಲ್ಲಿ ಯಾವ್ದು ಬರಿಯೋದು ಮಿಸ್?"

ಬೇರೆ ಮಕ್ಕಳೂ ಪೆನ್ಸಿಲ್ ಹಿಡಿದು ಕಾಯುತ್ತಿದ್ದರು. ಏನೇನೋ ಹೇಳಬೇಕೆನಿಸಿತು. ತಪ್ಪು ಬರೆದು ಅಂಕ ಕಳೆದುಕೊಂಡರೆ ಹೊಣೆ ಯಾರು? ಇಪ್ಪತ್ತು ಎಂದೆ. ಅವನು ಇಪ್ಪತ್ತರ ಕೆಳಗೆ ಗೆರೆ ಎಳೆದು, ಇನ್ನೊಂದನ್ನು ಹೊಡೆದು ಹಾಕಿದ.